ರೇಡಿಯೋದ ಹೊಟ್ಟೆ ಬದಲಿಸಿದ ವರ್ಷ

ಮೊನ್ನೆ ಕೊಪ್ಪಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಕೂತಿದ್ದೆ. ನಾನು ತಂದದ್ದು ಮಕ್ಕಳು ಓದುವಾಗ ಕೊಂಡ ಕಂಪ್ಯೂಟರು. ಈಗ ಕರೆಂಟ್ ಬಿಲ್ಲು ಕಟ್ಟುವುದು, ಹಳೆಯ ಫೋಟೋ ನೋಡುವುದು ಬಿಟ್ಟರೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಆದರೂ ಒಂದು ಬೆಳಿಗ್ಗೆ ಅದು ಏಳದೇ ಹೋದಾಗ ಮನೆಯಲ್ಲಿ ಯಾರೋ ಮಾತು ಬಿಟ್ಟಂತಾಯಿತು. ಅಂಗಡಿಯವನು ಪೆಟ್ಟಿಗೆ ಬಿಚ್ಚಿ ಒಳಗಿನ ಹಸಿರು ಹಲಗೆಯನ್ನು ತೋರಿಸಿದ. ಮದರ್‌ಬೋರ್ಡ್ ಹೋಗಿದೆ, ಈ ಮಾದರಿಗೆ ಹೊಸದು ಸಿಗುವುದಿಲ್ಲ, ಇನ್ನೊಂದು ಹಳೆಯ ಯಂತ್ರದಿಂದ ಬಿಚ್ಚಿದ್ದನ್ನು ತರಿಸಿ ಹಾಕಿದರೆ ಕಡಿಮೆಯಲ್ಲಿ ಆಗುತ್ತದೆ, ಉಳಿದದ್ದೆಲ್ಲ ಅದೇ ಇರಲಿ ಎಂದ. ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಬಗ್ಗಿ ಏನನ್ನೋ ಬೆಸೆಯುತ್ತಿದ್ದರು. ಕಾದ ಕಡ್ಡಿಗೆ ರಾಳ ತಾಗಿ ಎಳೆಯಷ್ಟು ಹೊಗೆ ಎದ್ದಿತು. ಆ ವಾಸನೆ ಬಂದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಮಡಿಲ ಮೇಲೆ ಬಂದು, ಅಲ್ಲಿಲ್ಲದ ಒಂದು ಭಾರವನ್ನು ಹಿಡಿದುಕೊಂಡವು.

ಆ ಭಾರ ಯಾವುದೆಂದು ನನಗೆ ಗೊತ್ತಿತ್ತು. ಕುಷ್ಟಗಿಯಿಂದ ಗಂಗಾವತಿಗೆ, ತಾವರಗೇರಿಯ ಮೇಲೆ ಹೋಗುವ ಬಸ್ಸಿನಲ್ಲಿ, ಕೌದಿ ಸುತ್ತಿ ನಾನು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದ ನಮ್ಮ ಮನೆಯ ರೇಡಿಯೋ. ಆಗ ನನಗೆ ಹದಿನಾಲ್ಕು ವರ್ಷ. ಎಂಬತ್ತರ ದಶಕದ ನಡುವಿನ ಕಾಲ. ಆ ವರ್ಷ ನಮ್ಮ ಮನೆಯಲ್ಲಿ ಎರಡು ಕೆಡುಕು ನಡೆದಿದ್ದವು. ಒಂದು ರೇಡಿಯೋದ್ದು, ಇನ್ನೊಂದು ನನ್ನ ಅವ್ವನ ಮೈಯದ್ದು. ನಾವು ಏಳು ತಿಂಗಳು ರೇಡಿಯೋವನ್ನೇ ನೋಡಿದೆವು. ಅವ್ವ ಉಳಿದಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಓದುತ್ತಾ ನೀವು ಆ ಭಯ ಪಡುವುದು ಬೇಡ. ಆದರೆ ಅವಳು ಉಳಿದ ರೀತಿಯನ್ನು ನೆನೆದರೆ ನನಗೆ ಈಗಲೂ ಮೈ ತಣ್ಣಗಾಗುತ್ತದೆ. ಆದ್ದರಿಂದ ಕಂಡಷ್ಟನ್ನು ಕಂಡ ಕ್ರಮದಲ್ಲಿ ಬರೆಯುತ್ತೇನೆ.

ಅಪ್ಪ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದಿಡುವ ಕೆಲಸ. ಬೆಳಗಿನ ವಾರ್ತೆಗೆ ಮುಂಚೆ ರೇಡಿಯೋದಲ್ಲಿ ಬರುವ ಸಮಯದ ಸದ್ದಿಗೆ ತಮ್ಮ ಕೈಗಡಿಯಾರ ಹೊಂದಿಸಿಕೊಂಡು ಹೋಗಿ, ಅದರ ಮೇಲೆ ನಿಲ್ದಾಣದ ಗೋಡೆ ಗಡಿಯಾರವನ್ನು ಹೊಂದಿಸುತ್ತಿದ್ದರು. ಹೀಗಾಗಿ ಕುಷ್ಟಗಿಯ ಸಮಯವೆಲ್ಲ ನಮ್ಮ ಪಡಸಾಲೆಯಿಂದ ಹೊರಡುತ್ತದೆ ಎಂದು ನಾನು ನಂಬಿದ್ದೆ. ಬಸ್ಸುಗಳು ಅದಕ್ಕೆ ಎಂದೂ ಸೊಪ್ಪು ಹಾಕಲಿಲ್ಲ, ಆ ಮಾತು ಬೇರೆ.

ರೇಡಿಯೋ ನನಗಿಂತ ಒಂದು ವರ್ಷ ಚಿಕ್ಕದು. ತೇಗದ ಬಣ್ಣದ ದೊಡ್ಡ ಪೆಟ್ಟಿಗೆ, ಒಳಗೆ ಐದು ಗಾಜಿನ ವಾಲ್ವು, ಮುಂದೆ, ಸ್ಟೇಶನ್ ಸರಿಯಾಗಿ ಸಿಕ್ಕರೆ ತುಂಬಿ ಬೆಳಗುವ ಒಂದು ಹಸಿರು ಕಣ್ಣು. ಗುಂಡಿ ತಿರುವಿದರೆ ತಕ್ಷಣ ಮಾತಾಡುತ್ತಿರಲಿಲ್ಲ. ಒಳಗಿನ ವಾಲ್ವು ಬಿಸಿಯಾಗಬೇಕು, ಕಣ್ಣು ಅರಳಬೇಕು, ಆಮೇಲೆ ಧಾರವಾಡ ಆಕಾಶವಾಣಿ. ಅದನ್ನು ನಮ್ಮ ಮನೆಗೆ ತಂದು ಕೂಡಿಸಿದವರು ಗಂಗಾವತಿಯ ಖಾಜಾಸಾಬರು. ಅಲ್ಲಿನ ಅಕ್ಕಿ ಗಿರಣಿಗಳ ಲೌಡ್‌ಸ್ಪೀಕರಿನಿಂದ ಹಿಡಿದು ಸಾಹುಕಾರರ ಗ್ರಾಮಾಫೋನಿನವರೆಗೆ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ ಮನುಷ್ಯ. ನಮ್ಮ ಮನೆಯ ಬೆನ್ನಿಗೇ ಹಿಟ್ಟಿನ ಗಿರಣಿ ಇತ್ತು. ಅದರ ಮೋಟಾರು ತಿರುಗಿದರೆ ರೇಡಿಯೋ ಗರಗರ ಎನ್ನುತ್ತದೆ ಎಂದು ಅವರು ಹಿತ್ತಿಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ, ನಡುವೆ ಒಂದು ಕಬ್ಬಿಣದ ಪೈಪು ಹುಗಿದು, ಅದರಿಂದ ರೇಡಿಯೋಕ್ಕೆ ತಂತಿ ಎಳೆದರು. ಅದಕ್ಕೆ ಅರ್ಥಿಂಗ್ ಎನ್ನುತ್ತಾರೆ. ನಮ್ಮ ಕಡೆ ನೆಲ ಒಣ. ಒಣ ನೆಲದಲ್ಲಿ ಅರ್ಥಿಂಗ್ ನಿಲ್ಲುವುದಿಲ್ಲ. ದಿನಾ ಒಂದು ಕೊಡ ನೀರು ಅದರ ಬುಡಕ್ಕೆ ಹಾಕಬೇಕು ಎಂದು ಅವ್ವನಿಗೆ ಹೇಳಿಹೋಗಿದ್ದರು.

ಅವ್ವ ಅದನ್ನು ವ್ರತದಂತೆ ಹಿಡಿದಳು. ಬೆಳಿಗ್ಗೆ ಮೈತೊಳೆದುಕೊಂಡು ತುಳಸಿಗೆ ನೀರು, ಆಮೇಲೆ ಕೊಡ ಎತ್ತಿಕೊಂಡು ಹೋಗಿ ಪೈಪಿಗೆ ನೀರು. ದಿನಾ ನೀರೆರೆಯುವುದನ್ನು ಬರಿದೇ ಬಿಡಬಾರದು ಎಂದು ಕೆಲವೇ ದಿನಗಳಲ್ಲಿ ಅದಕ್ಕೆ ಒಂದು ಬೊಟ್ಟು ಕುಂಕುಮವನ್ನೂ ಹಚ್ಚತೊಡಗಿದಳು. ಅಪ್ಪ ನಕ್ಕರೆ, ನಿಮ್ಮ ಧಾರವಾಡದ ದೇವರು ಇಲ್ಲೇ ಇದ್ದಾನೆ, ಸುಮ್ಮನಿರಿ ಎನ್ನುತ್ತಿದ್ದಳು. ನೆರೆಯ ಹೆಣ್ಣುಮಕ್ಕಳೂ ಬಂದಾಗ ಅದಕ್ಕೆ ಕೈಮುಗಿದು ಹೋದದ್ದುಂಟು.

ಗರಗರ ಸುರುವಾದದ್ದು ಆ ವರ್ಷದ ಯುಗಾದಿಯ ಹೊತ್ತಿಗೆ. ಮೊದಲು ಗಿರಣಿ ನಡೆಯುವಾಗ ಮಾತ್ರ ಇತ್ತು, ಆಮೇಲೆ ಗಿರಣಿ ನಿಂತಾಗಲೂ. ವಾರ್ತೆ ಓದುವವರು ಹುರಿದ ಕಡಲೆ ಬಾಯಲ್ಲಿಟ್ಟುಕೊಂಡು ಓದಿದಂತೆ ಕೇಳುತ್ತಿತ್ತು. ಸಮಯದ ಸದ್ದು ಆ ಗದ್ದಲದಲ್ಲಿ ಮುಳುಗಿ, ಅಪ್ಪ ತಮ್ಮ ಗಡಿಯಾರವನ್ನೇ ನಂಬದಂತಾದರು. ದಿನಕ್ಕೆ ಹತ್ತು ಸಲ ಅದನ್ನು ಕಿವಿಗೆ ಹಿಡಿಯುತ್ತಿದ್ದರು.

ಅದೇ ದಿನಗಳಲ್ಲಿ ಅವ್ವನಲ್ಲಿ ಏನೇನು ಬದಲಾಯಿತು ಎಂಬುದನ್ನೂ ನಾನು ನೋಡಿದ್ದೆ. ಓಣಿಯ ಮೂಲೆಯ ಕೈಪಂಪಿನಿಂದ ನೀರು ತರುವ ಕೆಲಸ ನನ್ನ ಪಾಲಿಗೆ ಬಂತು. ಹಿಟ್ಟು ನಾದುವಾಗ ನಿಂತು ನಾದುತ್ತಿದ್ದವಳು ಕೂತು ನಾದತೊಡಗಿದಳು. ಕೆಮ್ಮು ಬಂದರೆ ಎರಡೂ ಕೈಯಿಂದ ಕಿಬ್ಬೊಟ್ಟೆ ಒತ್ತಿ ಹಿಡಿದು ಕೆಮ್ಮುತ್ತಿದ್ದಳು. ಹಿತ್ತಿಲಿನಿಂದ ಪಡಸಾಲೆಗೆ ಬರಲು ಗೋಡೆ ಹಿಡಿಯುತ್ತಿದ್ದಳು. ಇಷ್ಟೂ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದನ್ನೆಲ್ಲ ಕೂಡಿಸಿ ನಾನು ಕಟ್ಟಿಕೊಂಡ ಅರ್ಥ ಒಂದೇ: ಅವ್ವ ಸೋಮಾರಿಯಾಗುತ್ತಿದ್ದಾಳೆ, ನನ್ನ ಮೇಲೆ ಕೆಲಸ ಹೇರುತ್ತಿದ್ದಾಳೆ. ಸಾಲೆಗೆ ಹೊತ್ತಾದಾಗ ರೊಟ್ಟಿ ತಡವಾದರೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, “ಯಾಕಬೇ ಇಷ್ಟು ತಡಾ ಮಾಡತಿ?” ಎಂದು ದಿನಾ ಕೇಳುತ್ತಿದ್ದೆ. ಅವಳು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು.

ಮೊದಲ ಸಲ ರೇಡಿಯೋ ಹೊತ್ತು ಗಂಗಾವತಿಗೆ ಹೋದಾಗ ಖಾಜಾಸಾಬರು ಅದನ್ನು ತಮ್ಮ ಮೇಜಿನ ಮೇಲಿಟ್ಟು ತಿರುವಿದರು. ಅದು ಗಂಟಲು ಸರಿಪಡಿಸಿಕೊಂಡು ಸ್ವಚ್ಛವಾಗಿ ಹಾಡಿತು. ಅಪ್ಪನಿಗೆ ಅವಮಾನವಾಯಿತು, ಡಾಕ್ಟರ ಮುಂದೆ ಹೋದಕೂಡಲೇ ಜ್ವರ ಇಳಿದ ಹಾಗೆ. ಖಾಜಾಸಾಬರು ನಿಧಾನದ ಮನುಷ್ಯ. ಹಿಂದಿನ ಹಲಗೆ ಬಿಚ್ಚಿ ಒಂದೊಂದೇ ವಾಲ್ವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ನಡುವೆ ತಲೆ ಎತ್ತದೆಯೇ ಕೇಳಿದರು, “ಅರ್ಥಿಂಗಿಗೆ ನೀರು ಹಾಕತಾರಿಲ್ರಿ ಸಾಹೇಬ್ರ?”

“ದಿನಾ ಹಾಕತಾಳ್ರಿ,” ಎಂದರು ಅಪ್ಪ. ಒಂದು ಕ್ಷಣವೂ ಯೋಚಿಸಲಿಲ್ಲ.

ಖಾಜಾಸಾಬರು ನನ್ನ ಮುಖ ನೋಡಿದರು. ನಾನೂ ಹೌದೆಂದು ತಲೆಯಾಡಿಸಿದೆ. ನಾನು ಸುಳ್ಳು ಹೇಳಲಿಲ್ಲ. ಪೈಪಿನ ಮೇಲೆ ಕುಂಕುಮ ದಿನಾ ಹೊಸದಾಗಿರುತ್ತಿತ್ತು. ಕುಂಕುಮವಿದ್ದ ಮೇಲೆ ನೀರೂ ಇದ್ದೇ ಇರಬೇಕಲ್ಲ?

ಒಂದು ವಾಲ್ವು ಸ್ವಲ್ಪ ಸೋತಿದೆ ಎಂದು ಬದಲಿಸಿಕೊಟ್ಟರು. ಆಗಲೇ ಆ ವಾಲ್ವುಗಳು ಸಿಗುವುದು ಕಷ್ಟವಾಗಿತ್ತು. ಅವರಲ್ಲಿ ಹಳೆಯ ಒಂದು ಉಳಿದಿತ್ತು. ಮನೆಗೆ ತಂದು ಹಚ್ಚಿದೆವು. ಗರಗರ. ಅಪ್ಪ ಆ ಗದ್ದಲವನ್ನು ಮೀರಿಸಲೆಂದು ಧ್ವನಿಯ ಗುಂಡಿಯನ್ನು ಕೊನೆಯತನಕ ತಿರುಗಿಸಿಡುವ ರೂಢಿ ಮಾಡಿಕೊಂಡರು. ಎರಡು ತಿಂಗಳು ಹಾಗೆಯೇ ಅರಚಿಸಿದ ಮೇಲೆ ಒಂದು ಬೆಳಿಗ್ಗೆ ಪೆಟ್ಟಿಗೆಯ ಹಿಂದಿನಿಂದ ಸುಟ್ಟ ಅರಗಿನ ವಾಸನೆ ಬಂತು, ಹಸಿರು ಕಣ್ಣು ಮುಚ್ಚಿತು. ಅವ್ವ ಅಡಿಗೆಮನೆಯಿಂದ ಗೋಡೆ ಹಿಡಿದು ಬರುವಷ್ಟರಲ್ಲಿ ಹೊಗೆಯೂ ನಿಂತಿತ್ತು.

ಎರಡನೆಯ ಪ್ರಯಾಣದಲ್ಲಿ ಖಾಜಾಸಾಬರು ಸ್ಪಷ್ಟವಾಗಿ ಹೇಳಿದರು. ಟ್ರಾನ್ಸ್‌ಫಾರ್ಮರು ಸುಟ್ಟಿದೆ, ಹೋಗುವಾಗ ಎರಡು ವಾಲ್ವನ್ನೂ ಜೊತೆಗೆ ಒಯ್ದಿದೆ. ಅವನ್ನೆಲ್ಲ ಹುಡುಕಿ ಹಾಕುವುದಕ್ಕಿಂತ ಹೊಸ ರೇಡಿಯೋ ಸಸ್ತಾ. ಹೊಸ ರೇಡಿಯೋ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಖಾಜಾಸಾಬರೇ ಮೂರನೆಯ ದಾರಿ ಹೇಳಿದರು. ಈಗ ಹೈದರಾಬಾದಿನಿಂದ ಟ್ರಾನ್ಸಿಸ್ಟರಿನ ಬೋರ್ಡು ಬರುತ್ತದೆ, ಅಂಗೈಯಗಲ. ಹೊಟ್ಟೆಯೊಳಗಿನದನ್ನೆಲ್ಲ ತೆಗೆದು ಅದನ್ನು ಕೂಡಿಸೋಣ. ಪೆಟ್ಟಿಗೆ, ಸ್ಪೀಕರು, ಗುಂಡಿ, ಮುಳ್ಳು ಎಲ್ಲ ಹಳೆಯವೇ. “ಹೊರಗಿಂದ ನೋಡಿದವ್ರಿಗೆ ಫರಕ ಗೊತ್ತಾಗಂಗಿಲ್ರಿ,” ಎಂದರು.

ಅವರು ಬೋರ್ಡನ್ನು ಬೆಸೆಯುವುದನ್ನು ಆ ಮಧ್ಯಾಹ್ನವೆಲ್ಲ ಕೂತು ನೋಡಿದೆ. ರಾಳದ ಹೊಗೆ, ಕಣ್ಣಿಗೆ ಹತ್ತಿರ ಹಿಡಿದ ಭೂತಗನ್ನಡಿ, ಸಾಸಿವೆಕಾಳಿನಂತಹ ತವರದ ಹನಿ. ಇಡೀ ಪೆಟ್ಟಿಗೆಯಲ್ಲಿ ಆ ಬೋರ್ಡು ದೊಡ್ಡ ಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ ಬಾಡಿಗೆದಾರನಂತೆ ಕಂಡಿತು. ಹಸಿರು ಕಣ್ಣೂ ಒಂದು ವಾಲ್ವೇ ಆದ್ದರಿಂದ ಇನ್ನು ಕೆಲಸ ಮಾಡದು ಎಂದು ಗೊತ್ತಾಗಿ ನನ್ನ ಮುಖ ಸಣ್ಣದಾಯಿತು. ಅದನ್ನು ಕಂಡು ಅವರು ಅದರ ಹಿಂದೆ ಒಂದು ಪುಟ್ಟ ಹಸಿರು ಬಲ್ಬು ಇಟ್ಟುಕೊಟ್ಟರು. ಸ್ಟೇಶನ್ ಸಿಕ್ಕರೂ ಸಿಗದಿದ್ದರೂ ಅದು ಒಂದೇ ಸಮ ಉರಿಯುತ್ತಿತ್ತು.

ಹೊಸ ಹೊಟ್ಟೆಯ ರೇಡಿಯೋ ಅಂಗಡಿಯಲ್ಲಿ ಕ್ಷಣ ತಡಮಾಡದೆ ಮಾತಾಡಿತು. ಮನೆಗೆ ತಂದು ಹಚ್ಚಿದೆವು. ಗರಗರ.

ಅಪ್ಪ ಅಂದು ಊಟ ಮಾಡಲಿಲ್ಲ. ಮರುದಿನ ಬಸ್ ನಿಲ್ದಾಣದಿಂದ ಒಂದು ಉದ್ದನೆಯ ನೋಟುಬುಕ್ಕು ತಂದು ನನ್ನ ಕೈಗಿಟ್ಟರು. ರೇಡಿಯೋ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಗದ್ದಲ ಮಾಡುತ್ತದೆ ಎಂದು ಬರೆದಿಡು, ಖಾಜಾಸಾಬರಿಗೆ ತೋರಿಸೋಣ ಎಂದರು. ಅಪ್ಪನಿಗೆ ಗೊತ್ತಿದ್ದ ಔಷಧಿ ಅದೊಂದೇ: ಬರೆದಿಡುವುದು. ನನಗೋ ಬಹಳ ಹೆಮ್ಮೆ. ಸಾಲೆಯಲ್ಲಿ ಎಲ್ಲರೂ ನನ್ನನ್ನು ಕಣ್ಣಿಟ್ಟು ನೋಡುವ ಹುಡುಗಿ ಎನ್ನುತ್ತಿದ್ದರು. ಹಾಳೆಗೆ ನಾಲ್ಕು ಗೆರೆ ಎಳೆದು, ವಾರ, ಹೊತ್ತು, ಗಿರಣಿ ನಡೆದಿತ್ತೋ ಇಲ್ಲವೋ, ಗದ್ದಲ ಹೆಚ್ಚೋ ಕಡಿಮೆಯೋ ಎಂದು ಆರು ವಾರ ಬರೆದೆ. ಒಂದು ದಿನವೂ ತಪ್ಪಲಿಲ್ಲ. ಬರೆಯುವಾಗ ಅವ್ವ ಆಗಾಗ ಎದುರಿಗೇ ಕೂತಿರುತ್ತಿದ್ದಳು, ಹೊಟ್ಟೆಗೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು.

ನೋಟುಬುಕ್ಕನ್ನು ಖಾಜಾಸಾಬರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು. ಮಳೆ ಎಂದು ನಾನು ಗೆರೆಯ ಹೊರಗೆ, ಲೆಕ್ಕಕ್ಕಿಲ್ಲದೆ ಬರೆದಿದ್ದ ಮೂರು ಕಡೆ ಅವರ ಬೆರಳು ನಿಂತಿತು. ಆ ಮೂರೂ ದಿನ, ಅದರ ಮರುದಿನ ಗದ್ದಲ ಕಡಿಮೆ. ನಾನೇ ಬರೆದದ್ದು. ಅವರು ನೋಟುಬುಕ್ಕು ಮುಚ್ಚಿ, ಬರುವ ಶುಕ್ರವಾರ ನಮಾಜು ಮುಗಿಸಿಕೊಂಡು ನಾನೇ ಕುಷ್ಟಗಿಗೆ ಬರುತ್ತೇನೆ ಎಂದಷ್ಟೇ ಹೇಳಿದರು.

ಶುಕ್ರವಾರ ಸಂಜೆ ನಾಲ್ಕಕ್ಕೋ ನಾಲ್ಕೂವರೆಗೋ ಬಂದರು. ರೇಡಿಯೋದ ಕಡೆ ನೋಡಲೂ ಇಲ್ಲ. ಚಹಾ ಆಮೇಲೆ ಎಂದು ನೇರ ಹಿತ್ತಿಲಿಗೆ ಹೋಗಿ ಪೈಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಪೈಪಿನ ನೆತ್ತಿಯಲ್ಲಿ ಅಂದಿನ ಕುಂಕುಮ ಇತ್ತು. ಬುಡದಲ್ಲಿ ಅಂಗೈಯಷ್ಟು ಅಗಲ ನೆಲ ಹಸಿಯಾಗಿತ್ತು. ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅಲ್ಲಿ ಕೆರೆದರು. ಒಂದು ಬೆರಳು ಆಳಕ್ಕೆ ಹಸಿ ಮುಗಿಯಿತು. ಕೆಳಗೆ ಬರೀ ಧೂಳು, ಗೆದ್ದಲು ತಿಂದ ಕಟ್ಟಿಗೆಯ ಹಿಟ್ಟಿನ ಹಾಗೆ. ಅಪ್ಪ ಅವರ ಹಿಂದೆ ನಿಂತಿದ್ದರು. ನಾನು ಅಪ್ಪನ ಹಿಂದೆ. ಅವ್ವ ಹಿತ್ತಿಲ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು.

ಅಪ್ಪ ಸಿಟ್ಟಿನಿಂದ ಅವಳ ಕಡೆ ತಿರುಗಿದರು. ನೀರು ಹಾಕುತ್ತೀಯೋ ಬರೀ ಪೂಜೆ ಮಾಡುತ್ತೀಯೋ ಎಂದರು. ಏಳು ತಿಂಗಳ ಓಡಾಟ, ಸುಟ್ಟ ಟ್ರಾನ್ಸ್‌ಫಾರ್ಮರು, ಹೊಸ ಬೋರ್ಡು ಎಲ್ಲ ಆ ದನಿಯಲ್ಲಿತ್ತು.

“ಹಾಕತೀನಿ,” ಎಂದಳು ಅವ್ವ. “ತಂಬಿಗಿಲೇ ಹಾಕತೀನಿ.”

ಅಪ್ಪ ಇನ್ನೇನೋ ಹೇಳಲು ಬಾಯಿ ತೆರೆದಿದ್ದರು. ಖಾಜಾಸಾಬರು ಕೂತಲ್ಲಿಂದಲೇ ಕೈ ಎತ್ತಿ ತಡೆದರು. ಹದಿಮೂರು ವರ್ಷದ ಹಿಂದೆ ದಿನಾ ಒಂದು ಕೊಡ ಎಂದು ಹೇಳಿದವರು ಅವರೇ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಿಚ್ಚಿಟ್ಟ ಯಂತ್ರವನ್ನು ನೋಡುವಾಗ ಅವರಿಗಿರುತ್ತಿದ್ದ ಆತುರವಿಲ್ಲದ ಮುಖ ಅದು.

“ಅಕ್ಕಾರ, ಕೊಡ ಬಿಟ್ಟು ತಂಬಿಗಿ ಯಾಕ ಹಿಡದ್ರಿ? ಏನಾಗೇತಿ ನಿಮಗ?”

ಗಿರಣಿಯ ಸದ್ದು ಕೇಳುತ್ತಿತ್ತು. ಅವ್ವ ಸೆರಗನ್ನು ಬಾಯಿಗೆ ಹಿಡಿದು, ನೆಲ ನೋಡುತ್ತಾ ಹೇಳಿದಳು, “ಕೊಡ ಎತ್ತಾಕ ಆಗವಲ್ದಣ್ಣಾ. ಎತ್ತಿದ್ರ ಒಳಗಿಂದು ಕೆಳಗ ಜಾರತೈತಿ.”

ಖಾಜಾಸಾಬರು ಎದ್ದು ನಿಂತು ಮೊಣಕಾಲ ಮಣ್ಣು ಕೊಡವಿಕೊಂಡರು. ಅಪ್ಪನಿಗೆ ಮಾತ್ರ ಕೇಳುವಂತೆ, ಆದರೆ ನನಗೂ ಕೇಳಿಸಿತು, “ರೇಡಿಯೋ ಎಲ್ಲಿ ಹೋಗಂಗಿಲ್ರಿ ಸಾಹೇಬ್ರ. ನಾಳಿ ಮುಂಜಾನಿನ ಇವರನ್ನ ಗದಗಿಗೆ ಕರಕೊಂಡು ಹೋಗ್ರಿ. ನಮ್ಮ ದೊಡ್ಡಕ್ಕ ಹಿಂಗ ಮುಚ್ಚಿಟಗೊಂಡು ಹ್ವಾದ್ಲು,” ಎಂದರು. ಚಹಾ ಕುಡಿಯಲಿಲ್ಲ. ಹೋಗುವಾಗ, ತಮ್ಮಲ್ಲೇ ಇಟ್ಟುಕೊಂಡಿದ್ದ ನನ್ನ ನೋಟುಬುಕ್ಕನ್ನು ಚೀಲದಿಂದ ತೆಗೆದು ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟು ಹೋದರು.

ಮರುದಿನ ಬೆಳಿಗ್ಗೆ ಯಲಬುರ್ಗಾ, ಕುಕನೂರು ದಾಟಿ ಗದಗಿಗೆ ಹೋಗುವ ಬಸ್ಸು ಹೊರಡುವ ಹೊತ್ತಾಗಿತ್ತು. ಮನೆಯಿಂದ ನಿಲ್ದಾಣ ದೂರವಿಲ್ಲ. ಆದರೆ ಅವ್ವ ಎಷ್ಟು ನಿಧಾನ ನಡೆಯುತ್ತಾಳೆ ಎಂದು ಅಪ್ಪನಿಗೆ ಅಂದೇ ಮೊದಲು ಗೊತ್ತಾದದ್ದು. ತಮ್ಮ ನೌಕರಿಯಲ್ಲಿ ಯಾರಿಗಾಗಿಯೂ ಬಸ್ಸು ನಿಲ್ಲಿಸದಿದ್ದ ಮನುಷ್ಯ ಮುಂದೆ ಓಡಿಹೋಗಿ ಅದನ್ನು ತಡೆದರು. ರಜೆಯಲ್ಲಿದ್ದರೂ ಕಿಟಕಿಯೊಳಗೆ ಕೈಹಾಕಿ ತಮ್ಮ ಪುಸ್ತಕ ಎಳೆದುಕೊಂಡು ಬರೆದರು. ಹತ್ತಿರ ನಿಂತು ನಾನು ಓದಿದೆ. ಏಳು ನಿಮಿಷ ತಡ. ಕಾರಣದ ಕಡೆ ಏನು ಬರೆಯುವುದೆಂದು ಅವರ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಕೊನೆಗೆ ‘ಕಂಟ್ರೋಲರರ ತಪ್ಪು’ ಎಂದು ಬರೆದು ಸಹಿ ಹಾಕಿದರು.

ಗದಗಿನ ಡಾಕ್ಟರಮ್ಮ ಅಪ್ಪನನ್ನು ಹೊರಗೆ ಕೂರಿಸಿ ಅವ್ವನ ಹತ್ತಿರ ಮಾತಾಡಿದರು. ಗರ್ಭಕೋಶ ಜಾರಿ ಎಷ್ಟೋ ಕಾಲವಾಗಿತ್ತು. ಆ ವರ್ಷ ಪೂರ್ತಿ ಕೆಳಗಿಳಿದು ಹುಣ್ಣಾಗಿತ್ತು, ನಂಜು ಮೂತ್ರಪಿಂಡದವರೆಗೆ ಏರಿತ್ತು. ಇನ್ನು ಒಂದೆರಡು ತಿಂಗಳು ಬಿಟ್ಟಿದ್ದರೆ ನಾನೇನೂ ಮಾಡಲು ಆಗುತ್ತಿರಲಿಲ್ಲ ಎಂದು ಅವರು ಹೊರಬಂದು ಅಪ್ಪನಿಗೆ ಹೇಳಿದ್ದನ್ನು ನಾನು ಬೆಂಚಿನ ಮೇಲೆ ಕೂತು ಕೇಳಿದೆ. ನಂಜು ಇಳಿಯಲು ಎರಡು ವಾರ ಬೇಕಾಯಿತು, ಆಮೇಲೆ ಆಪರೇಷನ್. ಆ ಎರಡು ವಾರ ಅವ್ವನಿಗೆ ಜ್ವರ ಏರಿ ಇಳಿಯುವುದನ್ನು ನಾನು ಗಂಟೆಗೊಮ್ಮೆ ಚೀಟಿಯಲ್ಲಿ ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ.

ಅವ್ವ ಅದಾದ ಮೇಲೆ ಬಹಳ ವರ್ಷ ಬದುಕಿದಳು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ಅವಳು ಪಾಲಿಸುವಂತೆ ಅಪ್ಪ ನೋಡಿಕೊಂಡರು. ನನಗೆ ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಒಂದು ಮಧ್ಯಾಹ್ನ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಷ್ಟು ವರ್ಷ ಕೇಳದೇ ಉಳಿದಿದ್ದ ಮಾತನ್ನು ಆಗ ಕೇಳಿದೆ. ಮನೆಯಲ್ಲಿ ನಾನಿದ್ದೆ, ಹೆಣ್ಣುಮಗಳು. ನನಗೆ ಹೇಳದೆ, ಪರಊರಿನ ರೇಡಿಯೋ ರಿಪೇರಿಯವರಿಗೆ ಹೇಳಿದೆಯಲ್ಲ, ಯಾಕೆ ಎಂದೆ. ನಾನೂ ದಿನಾ ಕೇಳುತ್ತಲೇ ಇದ್ದೆನಲ್ಲ ಎಂದೂ ಸೇರಿಸಿದೆ.

ಅವ್ವ ಕೂಸಿನ ಪಾದ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಅವಳ ದನಿಯಲ್ಲಿ ದೂರು ಇರಲಿಲ್ಲ. ಯಾವುದೋ ಹಬ್ಬದ ಅಡಿಗೆ ನೆನೆಸಿಕೊಂಡು ಹೇಳುವಂತೆ ಹೇಳಿದಳು.

“ನೀ ಕೇಳತಿದ್ದಿ, ಹೌದು. ಯಾಕ ತಡಾ ಮಾಡತಿ ಅಂತ ಕೇಳತಿದ್ದಿ. ಅಂವ ಏನಾಗೇತಿ ಅಂತ ಕೇಳಿದ.”

ಕೊಪ್ಪಳದ ಅಂಗಡಿಯವನು ಹಳೆಯ ಬೋರ್ಡು ಬರಲು ನಾಲ್ಕು ದಿನವಾಗುತ್ತದೆ ಎಂದ. ಆಗಲಿ ಎಂದು ಎದ್ದೆ. ಮನೆಗೆ ಬಂದು ಗಂಟೆ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಒಳಗೆ ಕುರ್ಚಿ ಸರಿದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಬಹಳ ನಿಧಾನದ ಹೆಜ್ಜೆಗಳು. ಬಿಸಿಲಲ್ಲಿ ನಿಂತ ನನ್ನ ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು, ಇಷ್ಟೊತ್ತು ಏನು ಮಾಡುತ್ತಿದ್ದಿರಿ ಎಂದು. ಚಿಲಕ ತೆಗೆದು ನನ್ನ ಯಜಮಾನರು ಬಾಗಿಲಿಗೆ ಒರಗಿ ನಿಂತರು. ನಾನು ಆ ಮಾತನ್ನು ನುಂಗಿ, ಅವರ ಮುಖ ನೋಡಿ, ಇನ್ನೊಂದನ್ನು ಕೇಳಿದೆ.

“ಏನಾಗೇತ್ರಿ?”

ಅವರು ಏನೂ ಇಲ್ಲ ಎನ್ನಲು ತಲೆ ಅಲ್ಲಾಡಿಸಿದರು. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತಿದ್ದೆ.

“ಕುಂದರು, ಹೇಳತೀನಿ,” ಎಂದರು.